ಟಿಸಿ, ಆಧಾರ್ ಇಲ್ಲ ಅಂತ ನಿರಾಶ್ರಿತ ಕುಟುಂಬದ ಹುಡುಗಿಯನ್ನು ಶಾಲೆಗೆ ಸೇರಿಸಿಕೊಳ್ಳುತ್ತಿಲ್ಲ, ಏನು ಮಾಡೋದು?

ಹುಡುಗಿಗೆ ಹನ್ನೊಂದು ವರ್ಷ ಅಂದಿದ್ದೀರಿ. ಹಾಗಾದರೆ ಖಂಡಿತ ದಾರಿ ಇದೆ. ಮೈಸೂರಿನಲ್ಲಿ ನಾನೇ ಓಡಾಡಿ ಮಾಡಿಸಿದ್ದೇನೆ.

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗೆ ಇರುವವರು ಅಫ್ಘಾನಿಸ್ತಾನದವರು. ಅಪ್ಪ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಓದಲು ಬಂದವರು. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲ್ ಹಿಡಿಯಿತು, ಆಮೇಲೆ ಅಲ್ಲಿ ಆರನೇ ಕ್ಲಾಸು ದಾಟಿದ ಹೆಣ್ಣುಮಕ್ಕಳಿಗೆ ಶಾಲೆಯೇ ಇಲ್ಲ ಅಂತಾಯಿತು, ಮಗಳು ಓದಲಿ ಅಂತ ಇವರು ಇಲ್ಲೇ ಉಳಿದುಬಿಟ್ಟರು. ಇಲ್ಲೂ ಅಲೆದಾಟವೇ. ಒಂದು ಕಡೆ ಟಿಸಿ ಕೇಳಿದರು, ಇನ್ನೊಂದು ಕಡೆ ಆಧಾರ್, ಮತ್ತೊಂದು ಕಡೆ ‘ಕನ್ನಡ ಬರಲ್ವಲ್ಲ, ಬೇಕಾದ್ರೆ ಒಂದನೇ ಕ್ಲಾಸಲ್ಲಿ ಕೂರಲಿ’ ಅಂದರು. ಆರನೇ ಕ್ಲಾಸಿನ ವಯಸ್ಸಿನ ಹುಡುಗಿ! ನನಗೆ ತುಂಬ ಸಂಕಟವಾಯಿತು.

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ‘ಮಗು’ ಅನ್ನುತ್ತದೆ, ಈ ದೇಶದ ಪ್ರಜೆಯೇ ಆಗಿರಬೇಕು ಅನ್ನುವುದಿಲ್ಲ. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಟಿಸಿ ತಡವಾಯಿತು ಅಂತ ಸೀಟು ನಿರಾಕರಿಸುವಂತಿಲ್ಲ ಅಂತ 5ನೇ ಸೆಕ್ಷನ್, ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ ಅಂತ 14ನೇ ಸೆಕ್ಷನ್, ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು ಅಂತ 4ನೇ ಸೆಕ್ಷನ್. ಶಾಲೆಗೆ ಸೇರಲು ಆಧಾರ್ ಕಡ್ಡಾಯ ಅಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ಇಷ್ಟನ್ನೂ ಕನ್ನಡದಲ್ಲಿ ಒಂದು ಅರ್ಜಿ ಬರೆದು, ಪಾಸ್‌ಪೋರ್ಟ್ ಜೆರಾಕ್ಸ್ ಸೇರಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟೆವು. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಅದರ ಪ್ರತಿ ಹಿಡಿದು ಶಾಲೆಗೆ ಹೋದಾಗಲೂ ಮೊದಲು ಆಗಲ್ಲ ಅಂದರು. ‘ಅದನ್ನೇ ಬರೆದುಕೊಡಿ ಸಾರ್’ ಅಂದೆ. ಬರೆದುಕೊಡಲಿಲ್ಲ, ಒಂದು ವಾರದಲ್ಲಿ ಸೇರಿಸಿಕೊಂಡರು. ನಿಮಗೆ ಅಲ್ಲೂ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಕೊಡಬಹುದು.

ಮೊದಲ ದಿನ ಅವಳು ನೋಟ್ಸ್ ಪುಸ್ತಕವನ್ನು ಹಿಂದಿನಿಂದ ತೆರೆದು ಬಲಗಡೆಯಿಂದ ಹೆಸರು ಬರೆದಳಂತೆ, ಅವರ ದರಿ ಭಾಷೆ ಬರೆಯೋದೇ ಹಾಗೆ. ಮಿಸ್ಸು ಬೈಯಲಿಲ್ಲ. ಪುಸ್ತಕ ತಿರುಗಿಸಿಟ್ಟು, ಕೈ ಹಿಡಿದು ‘ಅ’ ಬರೆಸಿದರಂತೆ. ಆ ಹಾಳೆ ಇನ್ನೂ ಅವರಮ್ಮನ ಹತ್ತಿರ ಇದೆ.

ಕಾಯ್ದೆ ಎಂಟನೇ ಕ್ಲಾಸಿನವರೆಗೆ ಮಾತ್ರ. ಒಂಬತ್ತನೆಯದಕ್ಕೆ ಮತ್ತೆ ಓಡಾಟ ಇರುತ್ತದೆ, ಅದಕ್ಕೇ ಈಗಿನಿಂದ ಪ್ರತಿ ವರ್ಷದ ಅಂಕಪಟ್ಟಿ ಜೋಪಾನ ಮಾಡಿ.

ನೀವು ಮೈಸೂರಿನವರೇ ಆಗಿದ್ದರೆ ಹೇಳಿ, ಬಿಇಒ ಕಚೇರಿಗೆ ನಾನೂ ಜೊತೆಗೆ ಬರುತ್ತೇನೆ.