ವಿಚ್ಛೇದನದ ಕೇಸ್ ಮುಗಿಯುವವರೆಗೂ ಜೀವನಾಂಶಕ್ಕೆ ಕಾಯಲೇಬೇಕಾ?
ಕಾಯಬೇಕಿಲ್ಲ. ಸ್ವಂತ ಆದಾಯ ಸಾಲದಿದ್ದರೆ ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಕೇಸ್ ನಡೆಯುತ್ತಿರುವಾಗಲೇ ಮಧ್ಯಂತರ ಜೀವನಾಂಶವನ್ನೂ ಕೋರ್ಟ್ ಖರ್ಚನ್ನೂ ಕೇಳಬಹುದು. ಅರ್ಜಿಯನ್ನು ಮಾತ್ರ ಬೇಗ ಹಾಕಿ. ಆದೇಶ ತಡವಾಗಿ ಬಂದರೂ ಹಣದ ಲೆಕ್ಕ ಅರ್ಜಿ ಹಾಕಿದ ದಿನದಿಂದಲೇ ಶುರು ಎಂದು ಸುಪ್ರೀಂ ಕೋರ್ಟ್ 2020ರ ರಜನೀಶ್–ನೇಹಾ ತೀರ್ಪಿನಲ್ಲಿ ಹೇಳಿದೆ. ಜೂನ್‌ನಲ್ಲಿ ಹಾಕಿ ಡಿಸೆಂಬರ್‌ನಲ್ಲಿ ಆದೇಶವಾದರೆ ನಡುವಿನ ಬಾಕಿಯೂ ಸಿಗುತ್ತದೆ. 'ರಾಜಿ ಆಗುತ್ತೇನೋ ನೋಡೋಣ ತಡಿಯಮ್ಮ' ಎಂದು ಹಿರಿಯರು ಮುಂದೂಡಿಸಿದ ತಿಂಗಳುಗಳು ಆ ಲೆಕ್ಕಕ್ಕೆ ಬರುವುದಿಲ್ಲ.

ಆದಾಯ, ಆಸ್ತಿ, ಸಾಲದ ಅಫಿಡವಿಟ್ ಇಬ್ಬರೂ ಕೊಡಬೇಕು. ಮನೆ ಬಾಡಿಗೆ, ಮಕ್ಕಳ ಶಾಲೆ ಫೀಸು, ಔಷಧಿ ಅಂಗಡಿ ಬಿಲ್ಲುಗಳನ್ನು ಈಗಲೇ ಜೋಡಿಸಿಡಿ. ವಕೀಲರ ಫೀಸಿಗೆ ದುಡ್ಡಿಲ್ಲವೇ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಮಿತಿಯಿಲ್ಲ, ವಕೀಲರು ಉಚಿತ.