ಹಸಿರು ರಟ್ಟಿನ ಪುಸ್ತಕವನ್ನು ಹುಡುಕುವ ಮೊದಲು

ನಾಲ್ಕನೆಯದೋ ಐದನೆಯದೋ ತರಗತಿಯಲ್ಲಿದ್ದಾಗ ಓದಿದ ಪುಸ್ತಕವೊಂದರ ಹೆಸರೂ ಬರೆದವರ ಹೆಸರೂ ಮರೆತುಹೋಗಿವೆ, ಹಸಿರು ರಟ್ಟು ಮತ್ತು ದ್ವೀಪದಲ್ಲಿ ಒಂಟಿಯಾಗಿದ್ದ ಮುದುಕ ಇಷ್ಟೇ ನೆನಪಿನಲ್ಲಿ ಉಳಿದಿವೆ, ಅದನ್ನು ಹುಡುಕುವುದು ಹೇಗೆ, ಸಿಕ್ಕರೆ ಆಗಿನ ಸಂತೋಷ ಮತ್ತೆ ಸಿಗುವುದೇ ಎಂದು ನೀವು ಕೇಳಿದ್ದೀರಿ. ಇಂಥದ್ದೇ ಒಂದು ಪುಸ್ತಕದ ಬೆನ್ನು ಹತ್ತಿ ನಾನು ಹನ್ನೊಂದು ವರ್ಷ ಅಲೆದಿದ್ದೇನೆ. ಕೊನೆಗೆ ಅದು ಸಿಕ್ಕಿತು. ಆದರೆ ನಾನು ಹುಡುಕುತ್ತಿದ್ದ ಕಡೆಗಳಲ್ಲಿ ಅದು ಎಂದಿಗೂ ಸಿಗುವಂತಿರಲಿಲ್ಲ. ಆ ಕಾರಣವನ್ನು ವಿವರವಾಗಿ ಹೇಳಿದರೆ ನಿಮ್ಮ ಹುಡುಕಾಟದಲ್ಲಿ ಒಂದಷ್ಟು ವರ್ಷಗಳಾದರೂ ಉಳಿಯಬಹುದು.

ನಾನು ಹುಡುಕುತ್ತಿದ್ದ ಪುಸ್ತಕವನ್ನು ಓದಿದ್ದು 1980ರ ದಶಕದ ಮಧ್ಯದಲ್ಲಿ, ಸಾಗರದ ಬಳಿಯ ಹಳ್ಳಿಯೊಂದರಲ್ಲಿದ್ದ ಸೋದರಮಾವನ ಮನೆಯಲ್ಲಿ, ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ. ಮೂವರೋ ನಾಲ್ವರೋ ಮಾಂತ್ರಿಕರ ಕಥೆ. ಅದರಲ್ಲಿ ಸಮುದ್ರದ ತಳದಲ್ಲಿ ಉರಿಯುವ ಒಂದು ದೀಪ, ಆ ದೀಪಕ್ಕೆ ಎಣ್ಣೆ ಹೊಯ್ಯಲು ವರ್ಷಕ್ಕೊಮ್ಮೆ ಉಸಿರು ಬಿಗಿಹಿಡಿದು ಇಳಿಯುವ ಒಬ್ಬ ಹುಡುಗ. ಎಣ್ಣೆ ನೀರಿನಲ್ಲಿ ಮೇಲಕ್ಕೆ ತೇಲದೆ ದೀಪದಲ್ಲಿ ಹೇಗೆ ನಿಲ್ಲುತ್ತದೆ ಎಂದು ನಾನು ಮಾವನನ್ನು ಕೇಳಿದ್ದೂ, ಅವರು ನಕ್ಕು ಸುಮ್ಮನಾದದ್ದೂ ನೆನಪಿದೆ. ಅದೇ ಪುಸ್ತಕದ ಇನ್ನೊಂದು ಕಡೆ ಕಾರಂತಜ್ಜ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು. ಮಾಂತ್ರಿಕರ ಕಾದಂಬರಿಯೊಳಗೆ ಶಿವರಾಮ ಕಾರಂತರು ಎಲ್ಲಿಂದ ಬಂದರು ಎಂಬ ಪ್ರಶ್ನೆಯನ್ನು ನಾನು ಮೊದಲ ದಿನವೇ ಹಾಕಿಕೊಳ್ಳಬೇಕಿತ್ತು. ಹಾಕಿಕೊಳ್ಳಲಿಲ್ಲ.

ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಅವೆನ್ಯೂ ರಸ್ತೆಯ ಪಾದಚಾರಿ ಮಾರ್ಗದಲ್ಲಿ ಹಳೆಯ ಪುಸ್ತಕ ಹರಡಿಕೊಂಡು ಕೂರುವವರ ಬಳಿ ಭಾನುವಾರಗಳನ್ನು ಕಳೆದೆ. ಪ್ರೊ. ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನದವರು ತಂದ ಭಾರತ-ಭಾರತಿ ಮಾಲೆಯ ಪುಟ್ಟ ಪುಸ್ತಕಗಳನ್ನು ಕಟ್ಟುಕಟ್ಟಾಗಿ ತಿರುವಿದೆ. ಅವು 510 ಇವೆ, ಹೆಚ್ಚಿನವು ಮಹನೀಯರ ಜೀವನಚರಿತ್ರೆಗಳು, ಮಾಂತ್ರಿಕರಿಗೆ ಅಲ್ಲಿ ಜಾಗವಿಲ್ಲ. ಆದರೂ ಬಾಲ್ಯದಲ್ಲಿ ಓದಿದ್ದೆಲ್ಲ ಅದೇ ಗಾತ್ರದ ಪುಸ್ತಕ ಎಂಬ ಭ್ರಮೆ ನನ್ನ ವಯಸ್ಸಿನವರಿಗೆ ಸುಲಭವಾಗಿ ಹೋಗುವುದಿಲ್ಲ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯ, ನಿರಂಜನರು ಸಂಪಾದಿಸಿದ ಏಳು ಸಂಪುಟಗಳ ಜ್ಞಾನಗಂಗೋತ್ರಿ, ಸೋವಿಯತ್ ಒಕ್ಕೂಟದಿಂದ ಬಂದು 1991ರ ನಂತರ ನಿಂತೇಹೋದ ಅಗ್ಗದ ಬೆಲೆಯ ಚಿತ್ರಪುಸ್ತಕಗಳು, ಯಾವುದರಲ್ಲಿಯೂ ಸಮುದ್ರದ ದೀಪವಿರಲಿಲ್ಲ.

ಅಂತರಜಾಲದಲ್ಲಿ ಹುಡುಕುವವರು ಒಂದು ವಿಷಯವನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಇಂಟರ್ನೆಟ್ ಆರ್ಕೈವ್‌ನಲ್ಲಿಯೂ, ಅಲ್ಲಿನ ಕನ್ನಡ ಪುಸ್ತಕಗಳನ್ನು ಕನ್ನಡ ಲಿಪಿಯಲ್ಲಿಯೇ ಹುಡುಕಲು ಅನುವು ಮಾಡಿಕೊಡುವ ಪುಸ್ತಕ ಸಂಚಯದಂಥ ತಾಣಗಳಲ್ಲಿಯೂ ಹಳೆಯ ಕನ್ನಡ ಪುಸ್ತಕಗಳು ಸಾವಿರಗಟ್ಟಲೆ ಇವೆ. ಆದರೆ ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಕಥೆ-ಹಾಡುಗಳನ್ನು ಯಾರು ಬೇಕಾದರೂ ಅಚ್ಚುಮಾಡಬಹುದು, ಜಾಲಕ್ಕೆ ಏರಿಸಬಹುದು. 1979ರಲ್ಲಿ ತೀರಿಕೊಂಡ ಜಿ. ಪಿ. ರಾಜರತ್ನಂ ಅವರ ಬರಹಗಳಿಗೆ ಆ ಸ್ವಾತಂತ್ರ್ಯ ಬರಲು 2039 ಕಳೆಯಬೇಕು. ಇದರ ಪರಿಣಾಮ ವಿಚಿತ್ರವಾದದ್ದು. ನಮ್ಮ ಅಜ್ಜಂದಿರು ಓದಿದ ಪುಸ್ತಕ ಕೂತಲ್ಲಿಯೇ ಸಿಗುತ್ತದೆ, ನಮ್ಮ ಮಕ್ಕಳ ಪುಸ್ತಕ ಅಂಗಡಿಯಲ್ಲಿ ಸಿಗುತ್ತದೆ, ನಾವು 1970-80ರ ದಶಕಗಳಲ್ಲಿ ಓದಿದ ಎಷ್ಟೋ ಪುಸ್ತಕಗಳು ಮಾತ್ರ ಮರುಮುದ್ರಣವೂ ಆಗದೆ ಮುಕ್ತವೂ ಆಗದೆ ನಡುವೆ ಸಿಕ್ಕಿಕೊಂಡಿವೆ. ನೀವು ಓದಿದ್ದು ಆ ಅವಧಿಯಲ್ಲಾದರೆ, ಜಾಲದಲ್ಲಿ ಸಿಗಲಿಲ್ಲವೆಂದ ಮಾತ್ರಕ್ಕೆ ನಿಮ್ಮ ನೆನಪೇ ಸುಳ್ಳೆಂದು ತಿಳಿಯಬೇಡಿ.

ನನ್ನ ಪುಸ್ತಕ ಸಿಕ್ಕಿದ್ದು 2016ರಲ್ಲಿ, ಮಾವನ ಹಳೆಯ ಮನೆಯ ಹೆಂಚು ಇಳಿಸಿ ತಾರಸಿ ಹಾಕಿಸುವಾಗ. ಅಟ್ಟದಿಂದ ಇಳಿಸಿದ ತಗಡಿನ ಟ್ರಂಕಿನಲ್ಲಿ ಅದು ಅಡಿಕೆ ವ್ಯಾಪಾರದ ಲೆಕ್ಕದ ಪುಸ್ತಕಗಳ ಕೆಳಗೆ ಇತ್ತು. ಮಾವನ ಮಗ ದೂರವಾಣಿಯಲ್ಲಿ, ‘ನೀನು ಹೇಳುತ್ತಿದ್ದ ಮಾಂತ್ರಿಕರು ಬಂದಿದ್ದಾರೆ’ ಎಂದಾಗ ನಾನು ನಂಬಲಿಲ್ಲ. ಹೋಗಿ ನೋಡಿದರೆ ಅದು ಪುಸ್ತಕವೇ ಆಗಿರಲಿಲ್ಲ. ಚಂದಮಾಮದಿಂದ ಕತ್ತರಿಸಿ ತೆಗೆದ ಒಂದು ಧಾರಾವಾಹಿ, ಅದರ ಬೆನ್ನಿಗೆ ತರಂಗ ವಾರಪತ್ರಿಕೆಯಲ್ಲಿ ಬರುತ್ತಿದ್ದ ‘ಬಾಲವನದಲ್ಲಿ ಕಾರಂತಜ್ಜ’ ಅಂಕಣದ ಪುಟಗಳು, ನಡುವೆ ಎಲ್ಲಿಂದಲೋ ಬಂದ ನಾಲ್ಕಾರು ಪದಬಂಧ, ಇವನ್ನೆಲ್ಲ ಒಟ್ಟಿಗೆ ಹೊಲಿದು, ಎರಡು ಕಡೆ ದಪ್ಪ ರಟ್ಟು ಇಟ್ಟು, ಬೆನ್ನಿಗೆ ಹಳೆಯ ಖಾಕಿ ಬಟ್ಟೆ ಅಂಟಿಸಿದ್ದರು.

ಈ ಪದ್ಧತಿ ತಿಳಿಯದವರಿಗಾಗಿ ನಾಲ್ಕು ಮಾತು ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇರುವುದೇ ಇಲ್ಲಿ. 1965ರಲ್ಲಿ ಸುಧಾ, 1983ರಲ್ಲಿ ತರಂಗ, ಅವುಗಳ ಹಿಂದೆ-ಮುಂದೆ ಇನ್ನೂ ಹಲವು ಪತ್ರಿಕೆಗಳು ಬಂದ ಕಾಲದಲ್ಲಿ, ಧಾರಾವಾಹಿಯ ಪುಟಗಳನ್ನು ವಾರವಾರವೂ ಪಿನ್ನು ಬಿಡಿಸಿ ತೆಗೆದಿಟ್ಟು, ಕಥೆ ಮುಗಿದ ಮೇಲೆ ರಟ್ಟು ಹಾಕಿಸಿ ಇಟ್ಟುಕೊಳ್ಳುವುದು ಓದುವ ಹವ್ಯಾಸವಿದ್ದ ಮನೆಗಳಲ್ಲಿ ತೀರ ಸಾಮಾನ್ಯವಾಗಿತ್ತು. ಪೇಟೆಯಲ್ಲಿದ್ದವರು ಮುದ್ರಣಾಲಯದಲ್ಲಿ ಬೈಂಡು ಮಾಡಿಸುತ್ತಿದ್ದರು; ನನ್ನ ಮಾವನಂಥ ಹಳ್ಳಿಯ ಮೇಷ್ಟರು ಮನೆಯಲ್ಲಿಯೇ ಮೈದಾ ಹಿಟ್ಟಿನ ಅಂಟು ಕಾಯಿಸಿ, ಹುಳು ಬೀಳದಿರಲಿ ಎಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿ, ದಬ್ಬಣ ಹಿಡಿದು ಹೊಲಿಯುತ್ತಿದ್ದರು. ಅಂಟು ಕಾಯಿಸಿದ ಪಾತ್ರೆಯನ್ನು ಅಡುಗೆಮನೆಗೆ ತರಬಾರದೆಂದು ಅತ್ತೆ ಹಾಕಿದ್ದ ಕಟ್ಟಳೆ ನನಗಿನ್ನೂ ನೆನಪಿದೆ. ಹೀಗೆ ಹುಟ್ಟಿದ ಸಂಪುಟಕ್ಕೆ ಮುಖಪುಟವಿಲ್ಲ, ಪ್ರಕಾಶಕರಿಲ್ಲ, ಬೆಲೆಯಿಲ್ಲ. ಯಾವ ಗ್ರಂಥಾಲಯದ ಪಟ್ಟಿಯಲ್ಲಿಯೂ ಅದು ಇರಲಾರದು. ಜಗತ್ತಿನಲ್ಲಿ ಅದರ ಪ್ರತಿ ಒಂದೇ ಒಂದು.

ಲೇಖಕರ ಹೆಸರೂ ಇರಲಿಲ್ಲ ಎಂಬುದು ನನ್ನ ಮರೆವಿನ ತಪ್ಪಲ್ಲವೆಂದು ಆಮೇಲೆ ತಿಳಿಯಿತು. ಚಂದಮಾಮದ ಕಥೆಗಳು ಮೊದಲು ತೆಲುಗಿನಲ್ಲಿ ಸಿದ್ಧವಾಗಿ ಉಳಿದ ಭಾಷೆಗಳಿಗೆ ಹೋಗುತ್ತಿದ್ದವು. ಮಾಂತ್ರಿಕರ, ರಾಕ್ಷಸರ ಆ ದೀರ್ಘ ಧಾರಾವಾಹಿಗಳಲ್ಲಿ ಹೆಚ್ಚಿನವನ್ನು ಬರೆದ ದಾಸರಿ ಸುಬ್ರಹ್ಮಣ್ಯಂ ಅವರು ದಶಕಗಳ ಕಾಲ ಅಲ್ಲಿ ದುಡಿದರೂ ಅವರ ಹೆಸರು ಕಥೆಯ ಜೊತೆ ಅಚ್ಚಾಗುತ್ತಿರಲಿಲ್ಲ. ಬೇತಾಳನ ಕಥೆಗಳದ್ದೂ ಇಂಥದ್ದೇ ಸಂಗತಿ. ಸಂಸ್ಕೃತದ ಮೂಲದಲ್ಲಿರುವುದು 25 ಕಥೆಗಳು ಮಾತ್ರ. ಚಂದಮಾಮ ಅವು ಮುಗಿದ ಮೇಲೂ ಹೆಗಲ ಮೇಲಿನ ಶವವನ್ನು ಇಳಿಸದೆ ನೂರಾರು ಹೊಸ ಕಥೆಗಳನ್ನು ಹೇಳಿಸಿತು. ನಿಮಗೆ ನೆನಪಿರುವ ಬೇತಾಳನ ಕಥೆ ಯಾವ ಸಂಗ್ರಹದಲ್ಲಿಯೂ ಸಿಗದಿದ್ದರೆ ಆಶ್ಚರ್ಯಪಡಬೇಕಿಲ್ಲ. ಇಂಥ ಸಂದರ್ಭದಲ್ಲಿ ಬರಹಗಾರರಿಗಿಂತ ಚಿತ್ರಕಾರರೇ ಒಳ್ಳೆಯ ಗುರುತು. 2020ರಲ್ಲಿ ತೀರಿಕೊಂಡ ಶಂಕರ್ ಅವರು ಬರೆದ, ಕತ್ತಿ ಹಿಡಿದು ಶವ ಹೊತ್ತು ನಡೆಯುವ ವಿಕ್ರಮನನ್ನಾಗಲಿ, ನಮ್ಮವರೇ ಆದ ಎಂ. ಟಿ. ವಿ. ಆಚಾರ್ಯರ ಮಹಾಭಾರತದ ಮುಖಚಿತ್ರಗಳನ್ನಾಗಲಿ ಒಮ್ಮೆ ನೋಡಿದವರು ನೂರು ಚಿತ್ರಗಳ ನಡುವೆಯೂ ಗುರುತಿಸುತ್ತಾರೆ.

ಇನ್ನು ಸಮುದ್ರದ ದೀಪ. ಸಂಪುಟ ಕೈಗೆ ಬಂದ ರಾತ್ರಿಯೇ ಕೂತು ಓದಿದೆ. ಮಾಂತ್ರಿಕರು ಇದ್ದರು, ಕೋಟೆ ಇತ್ತು, ಹಾರುವ ಹಕ್ಕಿಗಳಿದ್ದವು. ಅರ್ಧ ದಾಟಿದರೂ ದೀಪ ಬರಲಿಲ್ಲ. ಆಮೇಲೆ ಒಂದು ಕಡೆ ಅಚ್ಚಿನ ಪುಟ ನಿಂತು, ಗೆರೆ ಎಳೆದ ನೋಟುಪುಸ್ತಕದ ಎರಡು ಹಾಳೆಗಳು ಹೊಲಿಗೆಯೊಳಗೆ ಬಂದವು. ಮೇಲ್ಗಡೆ ಮಾವನ ದುಂಡನೆಯ ಅಕ್ಷರದಲ್ಲಿ, ‘ಈ ತಿಂಗಳ ಸಂಚಿಕೆ ಸಿಕ್ಕಲಿಲ್ಲ. ಕಥೆ ಹೀಗೆ ನಡೆದಿರಬಹುದು’ ಎಂದು ಬರೆದಿತ್ತು. ಅದರ ಕೆಳಗೆ, ನೀಲಿ ಶಾಯಿಯಲ್ಲಿ, ಸಮುದ್ರದ ತಳದ ದೀಪವೂ ಎಣ್ಣೆ ಹೊಯ್ಯುವ ಹುಡುಗನೂ ಇದ್ದರು. ನಾನು ಹನ್ನೊಂದು ವರ್ಷ ಅಂಗಡಿ ಅಂಗಡಿಗಳಲ್ಲಿ ಕೇಳಿದ್ದು, ಗ್ರಂಥಪಾಲಕರಿಗೆ ವಿವರಿಸಿದ್ದು, ಗೆಳೆಯರಿಗೆ ಬಣ್ಣಿಸಿದ್ದು ಎಲ್ಲವೂ ಮಾವ ತಪ್ಪಿಹೋದ ಒಂದು ಸಂಚಿಕೆಯ ಜಾಗದಲ್ಲಿ ತಾವೇ ಕಟ್ಟಿದ ಒಂದೂವರೆ ಪುಟದ ಕಥೆಯನ್ನು. ಎಣ್ಣೆಯ ಪ್ರಶ್ನೆಗೆ ಅವರು ಏಕೆ ನಕ್ಕು ಸುಮ್ಮನಾದರೆಂಬುದು ಆಗ ತಿಳಿಯಿತು. ಕೇಳಿ ಖಚಿತಪಡಿಸಿಕೊಳ್ಳಲು ಅವರು ಇರಲಿಲ್ಲ.

ಕುತೂಹಲಕ್ಕೆಂದು ಆ ತಿಂಗಳ ನಿಜವಾದ ಸಂಚಿಕೆಯನ್ನೂ ಮುಂದೆ ಸ್ಕ್ಯಾನ್ ಪ್ರತಿಯಲ್ಲಿ ಹುಡುಕಿ ಓದಿದೆ. ಅದರಲ್ಲಿ ಸಮುದ್ರವೇ ಇಲ್ಲ. ಪಕ್ಷಪಾತವೆಂದರೂ ಸರಿಯೇ, ಮಾವನ ಕಂತು ಹೆಚ್ಚು ಚೆನ್ನಾಗಿದೆ ಎಂಬುದು ನನ್ನ ಅಭಿಪ್ರಾಯ.

ಸಂತೋಷ ಮತ್ತೆ ಸಿಗುವುದೇ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಇದರಿಂದ ಅರ್ಧ ಉತ್ತರ ಸಿಕ್ಕಿದೆ. ಉಳಿದ ಅರ್ಧವೆಂದರೆ, ಅಚ್ಚಾದ ಪುಟಗಳು ನನ್ನನ್ನು ಅಷ್ಟಾಗಿ ಹಿಡಿಯಲಿಲ್ಲ. ಪ್ರತಿ ಕಂತಿನ ಕೊನೆಯಲ್ಲಿ ಯಾರೋ ಬೆಟ್ಟದಿಂದ ಬೀಳುತ್ತಾರೆ, ಮುಂದಿನ ಕಂತಿನ ಮೊದಲಲ್ಲಿ ಬಳ್ಳಿ ಹಿಡಿದು ಬದುಕುತ್ತಾರೆ. ತಿಂಗಳುಗಟ್ಟಲೆ ಕಾದು ಓದುವವರಿಗಾಗಿ ಬರೆದದ್ದನ್ನು ಒಂದೇ ರಾತ್ರಿ ಓದಿದರೆ ಹಾಗೆ ಆಗದೆ ಇನ್ನೇನಾದೀತು? ನಾನು ಬಣ್ಣದಲ್ಲಿ ನೆನೆಯುತ್ತಿದ್ದ ಒಂದು ಚಿತ್ರ ಕಪ್ಪು-ಬಿಳುಪಿನದಾಗಿತ್ತು. ಕಾರಂತಜ್ಜನ ಉತ್ತರಗಳು ಮಾತ್ರ ಆಗಿಗಿಂತ ಈಗ ಹೆಚ್ಚು ರುಚಿಸಿದವು. ಮಕ್ಕಳೆಂದು ಅವರು ಎಲ್ಲಿಯೂ ದನಿ ತಗ್ಗಿಸಿ ಮಾತನಾಡುವುದಿಲ್ಲ ಎಂಬುದು ಹತ್ತು ವರ್ಷದ ನನಗೆ ಗೊತ್ತಾಗುವಂತಿರಲಿಲ್ಲ.

ಮನೆಯ ಹಿರಿಯರು ಕಥೆಯೊಳಗೆ ಕೈಹಾಕಿ ತಿದ್ದುವುದು ನನ್ನ ಮಾವನೊಬ್ಬರ ಚಾಳಿಯಲ್ಲ. ಕುವೆಂಪು ಅವರ ಕಿಂದರಿಜೋಗಿಯ ಕೊನೆಯಲ್ಲಿ ಬೆಟ್ಟದೊಳಗೆ ಹೋದ ಮಕ್ಕಳೆಲ್ಲ ಹಿಂತಿರುಗಿ ಬರುತ್ತಾರೆಂದು ನಾನು ಕಾಲೇಜಿಗೆ ಸೇರುವವರೆಗೂ ನಂಬಿದ್ದೆ. ಪುಸ್ತಕದಲ್ಲಿ ಅವರು ಬರುವುದಿಲ್ಲ. ಹಿಂದೆ ಉಳಿದ ಕುಂಟ ಹುಡುಗನೊಬ್ಬನೇ ಊರಿಗೆ ಮಿಕ್ಕವನು. ರಾತ್ರಿ ಮಲಗಿಸುವಾಗ ಹಾಡಿ ಹೇಳುತ್ತಿದ್ದ ಅಮ್ಮ, ನಾನು ಅಳದಿರಲೆಂದು, ಬೊಮ್ಮನಹಳ್ಳಿಯ ಅಷ್ಟೂ ಮಕ್ಕಳನ್ನು ಪ್ರತಿ ರಾತ್ರಿಯೂ ಹೊರಗೆ ಕರೆತರುತ್ತಿದ್ದರು.

ಆದ್ದರಿಂದ ನೀವು ಕಥೆಯ ಎಳೆ ಹಿಡಿದು ಹುಡುಕುವುದನ್ನು ಸದ್ಯಕ್ಕೆ ಬದಿಗಿಡಿ. ದ್ವೀಪ ಮತ್ತು ಮುದುಕ ಎಂದರೆ ಅಂಗಡಿಯವರು ನಿಮಗೆ ಹತ್ತು ಪುಸ್ತಕ ತೋರಿಸಿಯಾರು, ಅವುಗಳಲ್ಲಿ ಒಂದೂ ನಿಮ್ಮದಾಗಿರಲಾರದು. ವಸ್ತುವನ್ನು ನೆನಪಿಸಿಕೊಳ್ಳಿ: ಓದಿದ್ದು ಶಾಲೆಯಲ್ಲೋ ಮನೆಯಲ್ಲೋ, ಗ್ರಂಥಾಲಯದ ಮೊಹರು ಇತ್ತೋ ಇಲ್ಲವೋ, ಪುಟಸಂಖ್ಯೆಗಳು ಒಂದರಿಂದ ಆರಂಭವಾಗುತ್ತಿದ್ದವೋ ನಡುನಡುವೆ ಜಿಗಿಯುತ್ತಿದ್ದವೋ, ಪುಟದ ಅಂಚಿನಲ್ಲಿ ಬೇರೆ ಲೇಖನದ ತುಂಡು ಸಾಲುಗಳು ಕಾಣುತ್ತಿದ್ದವೋ. ಶಾಲೆಯಲ್ಲಿ ಓದಿದ್ದಾದರೆ ಅದು ಪಠ್ಯಪುಸ್ತಕದ ಒಂದು ಪಾಠವಾಗಿರುವ ಸಾಧ್ಯತೆಯೇ ಹೆಚ್ಚು, ಆಗ ನೀವು ಓದಿದ ವರ್ಷಗಳ ಕನ್ನಡ ಪಠ್ಯಗಳನ್ನು ಮೊದಲು ನೋಡಿ. ನಿಮ್ಮ ಜೊತೆ ಬೆಳೆದ ಅಕ್ಕ-ಅಣ್ಣಂದಿರನ್ನು ಬೇರೆ ಬೇರೆಯಾಗಿ ಕೇಳಿ. ಒಟ್ಟಿಗೆ ಕೂರಿಸಿ ಕೇಳಿದರೆ ಎಲ್ಲರ ನೆನಪೂ ಸೇರಿ ಹೊಸದೊಂದು ಕಥೆಯೇ ಹುಟ್ಟಿಬಿಡುತ್ತದೆ, ಅದರ ಅನುಭವ ನನಗಾಗಿದೆ.

ಮುಖ್ಯವಾಗಿ, ಹಸಿರು ರಟ್ಟು ಎಂದಿದ್ದೀರಿ, ಆ ರಟ್ಟಿನ ಮೇಲೆ ಹೆಸರು ಅಚ್ಚಾಗಿತ್ತೇ ಎಂಬುದನ್ನು ಹೇಳಿಲ್ಲ. ಅದರ ಬೆನ್ನು ಕಾಗದದ್ದಾಗಿತ್ತೋ ಬಟ್ಟೆಯದ್ದಾಗಿತ್ತೋ ಎಂದು ಸಮಾಧಾನವಾಗಿ ನೆನಪಿಸಿಕೊಳ್ಳಿ. ಬಟ್ಟೆಯದ್ದಾಗಿತ್ತು ಎನಿಸಿದರೆ ಅಂಗಡಿ, ಜಾಲತಾಣಗಳಿಗೆ ಹೋಗುವ ಮೊದಲು, ಆ ಮನೆಯ ಅಟ್ಟವನ್ನು ಯಾರಾದರೂ ಖಾಲಿಮಾಡುವುದರೊಳಗೆ, ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.