ಯುವಜನರ ನಡುವಿನ ಬುಲ್ಲಿಯಿಂಗ್ (ಬಲವಿರುವವರು ದುರ್ಬಲರಿಗೆ ಮತ್ತೆ ಮತ್ತೆ ಕೊಡುವ ಕಿರುಕುಳ) ಬಗ್ಗೆ ಜಾಗೃತಿ ಮೂಡಿಸಲು ಯಾವ ಮಾರ್ಗ ನಿಜಕ್ಕೂ ಫಲ ಕೊಡುತ್ತದೆ?

ನಿಮ್ಮ ಯುವ ಸಂಘ ಜಾಥಾ ನಡೆಸಬೇಕೇ, ಭಿತ್ತಿಪತ್ರ ಅಂಟಿಸಬೇಕೇ ಅಥವಾ ಶಾಲೆಗಳಲ್ಲಿ ಪ್ರತಿಜ್ಞೆ ಬೋಧಿಸಬೇಕೇ ಎಂದು ಕೇಳಿದ್ದೀರಿ. ಹದಿಹರೆಯದವರ ಆಪ್ತಸಮಾಲೋಚನೆಯಲ್ಲಿ ತೊಡಗಿಕೊಂಡಿರುವ ನನ್ನ ಅಭಿಪ್ರಾಯದಲ್ಲಿ, ಯಾವುದನ್ನು ಮಾಡಬೇಕು ಎನ್ನುವುದಕ್ಕಿಂತ ಯಾರನ್ನು ಉದ್ದೇಶಿಸಿ ಮಾಡಬೇಕು ಎನ್ನುವುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಸಾಮಾನ್ಯವಾಗಿ ಇಂಥ ಅಭಿಯಾನಗಳು ಕಿರುಕುಳ ಕೊಡುವವರಿಗೆ ಬುದ್ಧಿವಾದ, ಅನುಭವಿಸುವವರಿಗೆ ಧೈರ್ಯ ಹೇಳಿ ಮುಗಿದುಹೋಗುತ್ತವೆ. ನೀವು ಮುಖ್ಯವಾಗಿ ಮಾತನಾಡಬೇಕಾದದ್ದು ಸುತ್ತ ನಿಂತು ನೋಡುವವರ ಜೊತೆ.

ಕಾರಣ ಸರಳವಾಗಿದೆ. ಒಬ್ಬ ಹುಡುಗನ ಚೀಲವನ್ನು ಕಸಿದು ಒಬ್ಬರಿಂದ ಒಬ್ಬರಿಗೆ ಎಸೆದಾಡುವ ದೃಶ್ಯವನ್ನು ಗಮನವಿಟ್ಟು ನೋಡಿ. ಮುಂದಾಳುವಿನ ಕಣ್ಣು ಚೀಲದ ಮೇಲಾಗಲಿ, ಅದರ ಹಿಂದೆ ಓಡುತ್ತಿರುವ ಹುಡುಗನ ಮೇಲಾಗಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಯಾರು ನಗುತ್ತಿದ್ದಾರೆ, ಯಾರು ಮುಖ ತಿರುಗಿಸಿದರು ಎಂದು ಅದು ಮತ್ತೆ ಮತ್ತೆ ಪಕ್ಕಕ್ಕೆ ಹೊರಳುತ್ತದೆ. ಅವನಿಗೆ ಬೇಕಾಗಿರುವುದು ಗುಂಪಿನಲ್ಲಿ ಒಂದು ಸ್ಥಾನ, ಅದನ್ನು ಕೊಡುವುದು ಆ ನಗು. ವಾಟ್ಸಾಪ್ ಗುಂಪಿನಲ್ಲೂ ಇದೇ ನಡೆಯುತ್ತದೆ: ಸಹಪಾಠಿಯೊಬ್ಬಳ ಫೋಟೋವನ್ನು ವಿಕಾರಗೊಳಿಸಿ ಸ್ಟಿಕರ್ ಮಾಡುವವರು ಒಬ್ಬರೇ ಆದರೂ, ಅದಕ್ಕೆ ಬಿದ್ದ ನಗುವಿನ ಇಮೋಜಿಗಳು ಮತ್ತು ಅದನ್ನು ಬೇರೆ ಗುಂಪುಗಳಿಗೆ ದಾಟಿಸಿದ ಕೈಗಳು ಸೇರಿಯೇ ಆ ಹುಡುಗಿ ಮಾರನೆಯ ದಿನ ತರಗತಿಗೆ ಬರಲು ಹಿಂಜರಿಯುವಂತೆ ಮಾಡುತ್ತವೆ.

ಇದು ನನ್ನೊಬ್ಬನ ಊಹೆಯಲ್ಲ. ಫಿನ್ಲೆಂಡಿನ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಅವರ ಸಹೋದ್ಯೋಗಿಗಳು 1996ರಲ್ಲೇ ತರಗತಿಯ ಮಕ್ಕಳು ವಹಿಸುವ ಪಾತ್ರಗಳನ್ನು ವಿಂಗಡಿಸಿ, ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ಉಳಿಯುವವರು ಮತ್ತು ರಕ್ಷಣೆಗೆ ಬರುವವರು ಇರುತ್ತಾರೆಂದು ತೋರಿಸಿದರು. ಆ ತಿಳಿವಳಿಕೆಯ ಮೇಲೆ ಟುರ್ಕು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಕಿವಾ’ ಎಂಬ ಕಾರ್ಯಕ್ರಮ 2009ರಿಂದ ಆ ದೇಶದಾದ್ಯಂತ ಶಾಲೆಗಳನ್ನು ತಲುಪಿತು. ಕೆನಡಾದ ಸಂಶೋಧಕರು ಆಟದ ಮೈದಾನಗಳಲ್ಲಿ ಮಾಡಿದ ಚಿತ್ರೀಕರಣವನ್ನು ಆಧರಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶೇ. 88ರಷ್ಟು ಘಟನೆಗಳಲ್ಲಿ ಬೇರೆ ಮಕ್ಕಳು ಹಾಜರಿದ್ದರು, ಆದರೆ ಅವರು ಮಧ್ಯೆ ಪ್ರವೇಶಿಸಿದ್ದು ಶೇ. 19ರಷ್ಟರಲ್ಲಿ ಮಾತ್ರ, ಹಾಗೆ ಪ್ರವೇಶಿಸಿದಾಗ ಅರ್ಧಕ್ಕಿಂತ ಹೆಚ್ಚು ಸಲ ಕಿರುಕುಳ 10 ಸೆಕೆಂಡುಗಳೊಳಗೆ ನಿಂತುಹೋಯಿತು. ಹತ್ತೇ ಸೆಕೆಂಡು! ನಿಮ್ಮ ಭಿತ್ತಿಪತ್ರದಲ್ಲಿ ಒಂದೇ ಒಂದು ಸಂಗತಿಗೆ ಜಾಗವಿದ್ದರೆ ಇದನ್ನೇ ಹಾಕಿ.

ಆದರೆ ‘ಎದ್ದು ನಿಲ್ಲಿ, ಎದುರಿಸಿ’ ಎಂದು ಎಲ್ಲರಿಗೂ ಕರೆ ಕೊಡುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಮಧ್ಯೆ ಹೋದರೆ ನಾಳೆ ತನ್ನ ಸರದಿ ಎಂಬ ಮಕ್ಕಳ ಭಯ ಆಧಾರವಿಲ್ಲದ್ದೇನೂ ಅಲ್ಲ. ಸಣ್ಣ ಕೆಲಸಗಳನ್ನು ಕಲಿಸಿಕೊಡಿ: ನಗದೆ ಇರುವುದು, ಸ್ಟಿಕರ್ ಅನ್ನು ಮುಂದಕ್ಕೆ ಕಳುಹಿಸದಿರುವುದು, ‘ಬಾ, ಮೇಷ್ಟ್ರು ಕರೀತಿದ್ದಾರೆ’ ಎಂದು ನೆಪ ಹೇಳಿ ಆ ಹುಡುಗನನ್ನು ಅಲ್ಲಿಂದ ಕರೆದುಕೊಂಡು ಹೋಗುವುದು, ಆಮೇಲೆ ಅವನ ಪಕ್ಕದಲ್ಲಿ ಕುಳಿತುಕೊಳ್ಳುವುದು, ನಂಬಿಕೆಯಿರುವ ಹಿರಿಯರೊಬ್ಬರಿಗೆ ತಿಳಿಸುವುದು. ಇವನ್ನು ಭಾಷಣದಲ್ಲಿ ಹೇಳುವ ಬದಲು ಮಕ್ಕಳಿಂದಲೇ ಅಭಿನಯಿಸಿ ಅಭ್ಯಾಸ ಮಾಡಿಸಿದರೆ ಸಮಯಕ್ಕೆ ಸರಿಯಾಗಿ ನೆನಪಿಗೆ ಬರುತ್ತವೆ.

ಯಾವುದು ಬುಲ್ಲಿಯಿಂಗ್, ಯಾವುದಲ್ಲ ಎಂಬುದನ್ನೂ ಸ್ಪಷ್ಟಪಡಿಸಬೇಕಾಗುತ್ತದೆ. ಈ ಕ್ಷೇತ್ರದ ಆದ್ಯ ಸಂಶೋಧಕ ಡಾನ್ ಓಲ್ವಿಯಸ್ ಹೇಳಿದ ಲಕ್ಷಣಗಳು ಮೂರು: ನೋಯಿಸುವ ಉದ್ದೇಶ, ಪುನರಾವರ್ತನೆ ಮತ್ತು ಬಲದ ಅಸಮತೋಲನ. ಸಮಬಲದ ಇಬ್ಬರು ಗೆಳೆಯರು ಒಮ್ಮೆ ಜಗಳವಾಡಿದರೆ ಕೂರಿಸಿ ರಾಜಿ ಮಾಡಿಸಬಹುದು. ಬಲದ ಅಸಮತೋಲನವಿರುವಲ್ಲಿ ಅದೇ ರಾಜಿ ಪಂಚಾಯಿತಿ ನಡೆಸಿದರೆ ದುರ್ಬಲನಾದವನು ಎಲ್ಲರೆದುರು ಇನ್ನೊಮ್ಮೆ ತಲೆತಗ್ಗಿಸಬೇಕಾಗುತ್ತದೆ.

ಇನ್ನೊಂದು ಎಚ್ಚರಿಕೆ. 1982ರ ಕೊನೆಯಲ್ಲಿ ನಾರ್ವೆಯಲ್ಲಿ ಮೂವರು ಬಾಲಕರು ಪ್ರಾಣ ಕಳೆದುಕೊಂಡ ನಂತರವೇ 1983ರಲ್ಲಿ ಅಲ್ಲಿನ ಸರ್ಕಾರ ರಾಷ್ಟ್ರವ್ಯಾಪಿ ಅಭಿಯಾನವನ್ನು ಆರಂಭಿಸಿತು ಎಂಬುದು ನಿಜ. ಹಾಗೆಂದು ‘ಕಿರುಕುಳಕ್ಕೆ ಕೊನೆ ಆತ್ಮಹತ್ಯೆ’ ಎಂಬಂತಹ ಕಿರುನಾಟಕವನ್ನು ಮಕ್ಕಳೆದುರು ಆಡಬೇಡಿ. ಆತ್ಮಹತ್ಯೆಗೆ ಒಂದೇ ಕಾರಣವಿದೆಯೆಂದು ಬಿಂಬಿಸುವುದು ಸತ್ಯಕ್ಕೆ ದೂರ. ಅದಕ್ಕಿಂತ ಮುಖ್ಯವಾಗಿ, ನೊಂದು ಕುಳಿತಿರುವ ಮಗುವಿಗೆ ಅದೊಂದು ದಾರಿಯೆಂದು ತೋರಿಸಿಕೊಟ್ಟಂತಾಗುವ ಅಪಾಯವಿದೆ. ಬೀದಿ ನಾಟಕದವರು ಪ್ರೇಕ್ಷಕರನ್ನು ಅಳಿಸುವ ಆಸೆಯಿಂದ ಇಂಥದ್ದನ್ನು ಸೇರಿಸಲು ಮುಂದಾಗುವುದುಂಟು, ಆಗ ನೀವು ಗಟ್ಟಿಯಾಗಿ ಬೇಡ ಎನ್ನಿ.

ದಿನಾಂಕ ಬೇಕಾದರೆ, ಯುನೆಸ್ಕೋ 2020ರಿಂದ ನವೆಂಬರ್ ತಿಂಗಳ ಮೊದಲ ಗುರುವಾರವನ್ನು ಶಾಲಾ ಹಿಂಸೆ ಮತ್ತು ಬುಲ್ಲಿಯಿಂಗ್ ವಿರೋಧಿ ದಿನವಾಗಿ ಆಚರಿಸುತ್ತಿದೆ. ಆ ದಿನದ ಜಾಥಾವನ್ನು ಆರಂಭವೆಂದು ಇಟ್ಟುಕೊಂಡು, ಉಳಿದ ವರ್ಷ ಸಣ್ಣ ಗುಂಪುಗಳಲ್ಲಿ ಕೆಲಸ ಮಾಡಿ. ಶುರುವಿಗೆ ಮುಂಚೆ ಹೆಸರು ಬರೆಯದ ಪ್ರಶ್ನಾವಳಿಯೊಂದನ್ನು ಮಕ್ಕಳಿಗೆ ಕೊಡಿ. ವರ್ಷದ ಕೊನೆಯಲ್ಲಿ ಅದನ್ನೇ ಮತ್ತೆ ಕೊಟ್ಟು ಹೋಲಿಸಿ. ಕಾರ್ಯಕ್ರಮ ಚೆನ್ನಾಗಿ ನಡೆದರೆ ಮೊದಲ ಕೆಲವು ತಿಂಗಳು ದೂರುಗಳು ಹೆಚ್ಚಾಗಬಹುದು, ಏಕೆಂದರೆ ಅಲ್ಲಿಯವರೆಗೆ ಬಾಯಿ ಬಿಡದವರು ಹೇಳಿಕೊಳ್ಳಲು ಆರಂಭಿಸುತ್ತಾರೆ. ಈ ಸಾಧ್ಯತೆಯನ್ನು ಮುಖ್ಯೋಪಾಧ್ಯಾಯರಿಗೆ ಮೊದಲೇ ವಿವರಿಸಿ, ಬಂದ ದೂರನ್ನು ಯಾರು ವಿಚಾರಿಸುತ್ತಾರೆ ಎಂಬುದನ್ನು ಅವರಿಂದ ಬರವಣಿಗೆಯಲ್ಲಿ ಪಡೆದ ಮೇಲೆಯೇ ತರಗತಿಯೊಳಗೆ ಹೋಗಿ.